ಪ್ರೀಮಿಯರ್‌ನಿಂದ ರಿಸಾಲ್ವ್‌ಗೆ ಟೈಮ್‌ಲೈನ್ ದಾಟಿಸುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾತು. 20 ನಿಮಿಷದ ಒಂದು ಕಿರುಚಿತ್ರವನ್ನು ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿ, ಕಲರ್ ಮಾಡಲು, ಅಂದರೆ ಬಣ್ಣ ತಿದ್ದಲು, ಗೆಳೆಯನಿಗೆ ಕೊಟ್ಟಿದ್ದೆ. ಅವನು ಕೆಲಸ ಮಾಡುವುದು ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. “ಇದು ಅಮ್ಮ ಅಳೋ ಸೀನ್ ಅಂದಿದ್ದೆ ಅಲ್ವಾ? ಇಲ್ಲಿ ಎಮ್ಮೆ ನಿಂತಿದೆಯಲ್ಲೋ!”

ಮೊದಲು ನಗು ಬಂತು. ಫೈಲ್ ತೆರೆದು ನೋಡಿದ ಮೇಲೆ ನಗು ನಿಂತಿತು. ಅಮ್ಮನ ಜಾಗದಲ್ಲಿ ಎಮ್ಮೆ ಬಂದದ್ದಷ್ಟೇ ಅಲ್ಲ, ಇನ್ನೂ ಹನ್ನೆರಡು ಕಡೆ ಬೇರೆ ಬೇರೆ ಶಾಟ್‌ಗಳು ಅದಲುಬದಲಾಗಿದ್ದವು. ನಾವು ಒಂದೇ ಬಗೆಯ ಎರಡು ಕ್ಯಾಮೆರಾ ಬಳಸಿದ್ದೆವು. ಎರಡರಲ್ಲೂ ಫೈಲುಗಳ ಹೆಸರು ‘ಸಿ0001’ ಎಂದೇ ಶುರು. ಎರಡರ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಕ್ಯಾಮೆರಾ ಹಾಕುವ ಸಮಯದ ಗುರುತು) ಕೂಡ ಸೊನ್ನೆಯಿಂದಲೇ ಶುರು. ಪ್ರೀಮಿಯರ್‌ಗೆ ಯಾವುದು ಯಾವ ಫೋಲ್ಡರ್‌ನಲ್ಲಿದೆ ಎಂದು ಗೊತ್ತಿತ್ತು. ಗೆಳೆಯನ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್‌ಗಳ ದಾರಿಯೇ ಬೇರೆ. ಹಾಗಾಗಿ ರಿಸಾಲ್ವ್ ಹೆಸರು, ಟೈಮ್‌ಕೋಡ್ ಹೊಂದಿದ ಮೊದಲ ಫೈಲನ್ನು ಹಿಡಿದುಕೊಂಡಿತು. ಅದರಲ್ಲಿ ಎಮ್ಮೆ ಇತ್ತು.

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಎಡಿಟ್, ಅಂದರೆ ಶಾಟ್‌ಗಳನ್ನು ಜೋಡಿಸಿದ ಟೈಮ್‌ಲೈನ್, ದಾಟಿಸುವಾಗ ಆಗುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಕಳಿಸುವವರ ಕಡೆಯವೇ ಎಂದು ನನಗೆ ಅವತ್ತು ಅರ್ಥವಾಯಿತು. ಅದಕ್ಕೇ ಈ ಲೇಖನದಲ್ಲಿ ಕಳಿಸುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ ಇದೆ.

ದಾಟುವುದು ಚೀಟಿ, ಸಾಮಾನಲ್ಲ

ಮದುವೆ ಅಡುಗೆಗೆ ಭಟ್ಟರು ಸಾಮಾನಿನ ಚೀಟಿ ಬರೆದು ಕೊಡುತ್ತಾರಲ್ಲ, ಪ್ರೀಮಿಯರ್‌ನಿಂದ ರಿಸಾಲ್ವ್‌ಗೆ ಕಳಿಸುವ ಎಕ್ಸ್‌ಎಂಎಲ್ ಫೈಲ್ ಅಂದರೆ ಅದೇ. ಅದರಲ್ಲಿ ವಿಡಿಯೊ ಇರುವುದಿಲ್ಲ. ಯಾವ ಫೈಲ್, ಎಷ್ಟನೇ ಫ್ರೇಮ್‌ನಿಂದ ಎಷ್ಟನೇ ಫ್ರೇಮ್‌ವರೆಗೆ, ಯಾವ ಟ್ರ್ಯಾಕ್‌ನಲ್ಲಿ, ಎಲ್ಲಿ ಕೂರಬೇಕು ಎಂಬ ಪಟ್ಟಿ ಮಾತ್ರ. ಬರೀ ಅಕ್ಷರಗಳಾದ್ದರಿಂದ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಲೂಬಹುದು. ಸಾಮಾನು, ಅಂದರೆ ಮೂಲ ಫುಟೇಜ್, ಬೇರೆಯಾಗಿ ಹಾರ್ಡ್ ಡಿಸ್ಕ್‌ನಲ್ಲಿ ಹೋಗಬೇಕು.

ಸಾಮಾನ್ಯವಾಗಿ ದಾಟುವುದು ಇಷ್ಟು: ಕಟ್‌ಗಳು, ಟ್ರ್ಯಾಕ್‌ಗಳು, ಡಿಸಾಲ್ವ್ (ಒಂದು ಶಾಟ್ ಕರಗಿ ಇನ್ನೊಂದಾಗುವುದು), ಚಿತ್ರದ ಅಳತೆ ಮತ್ತು ಜಾಗ, ಒಂದೇ ಸಮನಾದ ಸ್ಪೀಡ್ ಬದಲಾವಣೆ. ನೆಚ್ಚಿಕೊಳ್ಳಬಾರದ ಪಟ್ಟಿ ಇದಕ್ಕಿಂತ ಉದ್ದ. ಪ್ರೀಮಿಯರ್‌ನ ಬಣ್ಣದ ಸಾಧನ ಲುಮೆಟ್ರಿಯಲ್ಲಿ ಮಾಡಿದ ಕಲರ್, ಅಲುಗಾಟ ತಗ್ಗಿಸುವ ವಾರ್ಪ್ ಸ್ಟೆಬಿಲೈಸರ್, ಪ್ರೀಮಿಯರ್‌ನಲ್ಲೇ ಬರೆದ ಟೈಟಲ್, ಹೊರಗಿನ ಪ್ಲಗಿನ್‌ಗಳು, ಆಫ್ಟರ್ ಎಫೆಕ್ಟ್ಸ್ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಿಂದ ನೇರ ಕೊಂಡಿ ಹಾಕಿದ ಶಾಟ್‌ಗಳು ಯಾವುವೂ ಬರುವುದಿಲ್ಲ. ಸ್ಪೀಡ್ ಏರಿಳಿಸುವ ರ‍್ಯಾಂಪ್ ಬಂದರೂ ಸೊಟ್ಟಗೆ ಬರುತ್ತದೆ.

ಎಕ್ಸ್‌ಎಂಎಲ್ ಬಿಟ್ಟರೆ ಇನ್ನೆರಡು ಬಗೆಯ ಚೀಟಿಗಳಿವೆ. ಇಡಿಎಲ್ ಎಂಬುದು ಟೇಪ್ ಕಾಲದ್ದು. ಅದರಲ್ಲಿ ಒಂದೇ ವಿಡಿಯೊ ಟ್ರ್ಯಾಕ್ ಇರುತ್ತದೆ. ಆದರೂ ಬೇರೆಲ್ಲಾ ಕೈಕೊಟ್ಟಾಗ ಅದು ಕೆಲಸಕ್ಕೆ ಬರುತ್ತದೆ. ಎಎಎಫ್ ಎಂಬುದನ್ನು ಅವಿಡ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹೋಗುವಾಗ, ಸೌಂಡ್ ಎಡಿಟಿಂಗ್‌ಗೆ ಕೊಡುವಾಗ ಬಳಸುತ್ತಾರೆ.

ಎಡಿಟ್ ಶುರು ಮಾಡುವ ಮೊದಲು

ನೀವು ಇನ್ನೂ ಎಡಿಟ್ ಶುರು ಮಾಡಿಲ್ಲದಿದ್ದರೆ ಪುಣ್ಯವಂತರು. ಈ ಮೂರು ಕೆಲಸ ಈಗಲೇ ಮುಗಿಸಿಬಿಡಿ.

ಮೊದಲನೆಯದು, ಫೈಲ್ ಹೆಸರು. ಕಾರ್ಡ್‌ನಿಂದ ಕಾಪಿ ಮಾಡಿದ ಕೂಡಲೇ ಪ್ರತಿ ಫೈಲಿಗೂ ಬೇರೆಲ್ಲೂ ಇಲ್ಲದ ಹೆಸರು ಕೊಡಿ. ದಿನ, ಕ್ಯಾಮೆರಾ, ಕಾರ್ಡ್ ಸಂಖ್ಯೆಯನ್ನು ಹೆಸರಿನ ಮುಂದೆ ಸೇರಿಸಿದರೆ ಸಾಕು. ಎಡಿಟ್ ಶುರುವಾದ ಮೇಲೆ ಯಾವ ಕಾರಣಕ್ಕೂ ಹೆಸರು ಬದಲಿಸಬೇಡಿ. ಇನ್ನೊಂದು ಮಾತು, ಫೈಲ್ ಮತ್ತು ಫೋಲ್ಡರ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿ, ಕೆಳಗೆರೆಗಳಲ್ಲೇ ಇಡಿ. ಕನ್ನಡದ ಮೇಲೆ ನನಗೂ ಅಭಿಮಾನವಿದೆ. ಆದರೆ ನಾಲ್ಕು ಸಾಫ್ಟ್‌ವೇರ್, ಎರಡು ಬಗೆಯ ಕಂಪ್ಯೂಟರ್ ದಾಟಬೇಕಾದ ಫೈಲಿನಲ್ಲಿ ಅದನ್ನು ಪರೀಕ್ಷೆಗೆ ಒಡ್ಡುವುದು ಬೇಡ.

ಎರಡನೆಯದು, ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು. ಥಿಯೇಟರ್, ಚಿತ್ರೋತ್ಸವದ ಆಸೆ ಇದ್ದರೆ 24ರಲ್ಲಿ ಶೂಟ್ ಮಾಡಿ, 24ರಲ್ಲೇ ಎಡಿಟ್ ಮಾಡಿ. ಟೀವಿಗಾದರೆ ನಮ್ಮಲ್ಲಿ 25. ಯೂಟ್ಯೂಬ್‌ಗೆ ಯಾವುದಾದರೂ ನಡೆಯುತ್ತದೆ. ಆದರೆ 24 ಮತ್ತು 23.976 ಒಂದೇ ಅಲ್ಲ. ಈ ಚಿಕ್ಕ ವ್ಯತ್ಯಾಸದಿಂದ ಒಂದು ಗಂಟೆಯ ಚಿತ್ರದ ಕೊನೆಗೆ ಸೌಂಡ್ ಮೂರೂವರೆ ಸೆಕೆಂಡಿನಷ್ಟು ಆಚೀಚೆ ಆಗುತ್ತದೆ.

ಮೂರನೆಯದು, ಫೋನಿನಲ್ಲಿ ತೆಗೆದ ವಿಡಿಯೊ. ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್ ರೇಟನ್ನು ತಾವೇ ಏರಿಸಿ ಇಳಿಸುತ್ತವೆ. ಒಂದೇ ಸಾಫ್ಟ್‌ವೇರ್‌ನಲ್ಲಿ ಇರುವಷ್ಟು ಹೊತ್ತು ಇದು ಗೊತ್ತಾಗದೇ ಹೋಗಬಹುದು. ಇನ್ನೊಂದಕ್ಕೆ ಹೋದಾಗ ಕಟ್‌ಗಳು ಒಂದೆರಡು ಫ್ರೇಮ್ ಜಾರುತ್ತವೆ, ತುಟಿ ಒಂದು ಕಡೆ ಮಾತು ಒಂದು ಕಡೆ. ಮೀಡಿಯಾಇನ್ಫೊ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ‘ಫ್ರೇಮ್ ರೇಟ್ ಮೋಡ್’ ನೋಡಿ. ‘ವೇರಿಯಬಲ್’ ಎಂದಿದ್ದರೆ ಅದನ್ನು ಸ್ಥಿರ ರೇಟಿಗೆ ಬದಲಿಸಿಕೊಳ್ಳಬೇಕು. ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿದರೆ ಆಗುತ್ತದೆ. ನನಗೆ ಶಟರ್ ಎನ್‌ಕೋಡರ್ ಇನ್ನೂ ಇಷ್ಟ, ಯಾಕೆಂದರೆ ಅದರಲ್ಲಿ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ, ಎಡಿಟಿಂಗ್‌ಗೆಂದೇ ಇರುವ ದೊಡ್ಡ ಫೈಲುಗಳನ್ನು ಮಾಡಿಕೊಳ್ಳಬಹುದು. ಗುಣಮಟ್ಟ ಕಣ್ಣಿಗೆ ಕಾಣುವಷ್ಟು ಹಾಳಾಗುವುದಿಲ್ಲ. ಅದೂ ಉಚಿತವೇ.

ಎಡಿಟ್ ಆಗಲೇ ಮುಗಿದಿದ್ದರೆ? ಫೋನ್ ಶಾಟ್‌ಗಳ ಮೇಲೆ ಬಲ ಕ್ಲಿಕ್ ಮಾಡಿ ‘ರೆಂಡರ್ ಅಂಡ್ ರಿಪ್ಲೇಸ್’ ಕೊಡಿ. ಪ್ರೀಮಿಯರ್ ಅವುಗಳನ್ನು ಹೊಸ ಫೈಲಾಗಿ ಮಾಡಿ ಟೈಮ್‌ಲೈನ್‌ನಲ್ಲಿ ಕೂರಿಸುತ್ತದೆ.

ಟೈಮ್‌ಲೈನ್ ತೊಳೆಯುವುದು

ಈಗ ಪ್ರೀಮಿಯರ್‌ನಲ್ಲಿ ನಿಮ್ಮ ಸೀಕ್ವೆನ್ಸ್‌ನ (ಟೈಮ್‌ಲೈನ್‌ಗೆ ಅಲ್ಲಿರುವ ಹೆಸರು) ಒಂದು ಕಾಪಿ ಮಾಡಿ. ಇನ್ನು ಮುಂದಿನ ಕೆಲಸವೆಲ್ಲ ಆ ಕಾಪಿಯಲ್ಲಿ. ಮೂಲವನ್ನು ಮುಟ್ಟಲೇಬೇಡಿ.

ಆಫ್ ಮಾಡಿಟ್ಟ ಕ್ಲಿಪ್‌ಗಳು, ಬೇಡವೆಂದು ಕೆಳಗೆ ತಳ್ಳಿದ ಟೇಕ್‌ಗಳು, ಖಾಲಿ ಟ್ರ್ಯಾಕ್‌ಗಳು ಎಲ್ಲವನ್ನೂ ತೆಗೆಯಿರಿ. ಹಲವು ಕ್ಯಾಮೆರಾಗಳ ಶಾಟ್ ಒಟ್ಟಿಗೆ ಜೋಡಿಸುವ ಮಲ್ಟಿಕ್ಯಾಮ್ ಬಳಸಿದ್ದರೆ ಬಲ ಕ್ಲಿಕ್ ಮಾಡಿ ‘ಫ್ಲ್ಯಾಟನ್’ ಕೊಡಿ. ಸೀಕ್ವೆನ್ಸ್ ಮೆನುವಿನಲ್ಲಿ ‘ಸಿಂಪ್ಲಿಫೈ ಸೀಕ್ವೆನ್ಸ್’ ಎಂಬುದಿದೆ. ಅದು ಇದರಲ್ಲಿ ಬಹುಪಾಲನ್ನು ತಾನೇ ಮಾಡುತ್ತದೆ, ಅದೂ ಕಾಪಿಯಲ್ಲೇ. ಆಮೇಲೆ ಸಾಧ್ಯವಾದಷ್ಟು ಶಾಟ್‌ಗಳನ್ನು ಮೊದಲ ಟ್ರ್ಯಾಕಿಗೆ ಇಳಿಸಿ. ಒಂದರ ಮೇಲೊಂದು ಕಾಣಲೇಬೇಕಾದವು ಮಾತ್ರ ಮೇಲಿರಲಿ.

ನೆಸ್ಟ್ ಮಾಡಿದ್ದನ್ನು, ಅಂದರೆ ಹಲವು ಕ್ಲಿಪ್‌ಗಳನ್ನು ಒಂದೇ ಗಂಟಾಗಿ ಕಟ್ಟಿದ್ದನ್ನು, ಬಿಚ್ಚಿ. ಬಿಚ್ಚಲು ಆಗದಿದ್ದರೆ ರೆಂಡರ್ ಮಾಡಿ ಹೊಸ ಕ್ಲಿಪ್ ಆಗಿ ಹಾಕಿ. ಸ್ಪೀಡ್ ರ‍್ಯಾಂಪ್‌ಗೂ, ಆಫ್ಟರ್ ಎಫೆಕ್ಟ್ಸ್ ಶಾಟ್‌ಗಳಿಗೂ ಇದೇ ಮದ್ದು. ಕಲರ್ ಎಫೆಕ್ಟ್‌ಗಳನ್ನು ರೆಂಡರ್ ಮಾಡುವ ಮೊದಲು ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಕಚ್ಚಾ ಕಲರ್ ಅದರೊಳಗೆ ಅಂಟಿಕೊಂಡು ಹೋಗುತ್ತದೆ. ಕಲರಿಸ್ಟ್ ನಿಮಗೆ ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ.

ಚಿತ್ರದ ಅಳತೆಯಲ್ಲಿ ಒಂದು ಗುಟ್ಟು. 4ಕೆ ಶಾಟ್ ಅನ್ನು 1080 ಸೀಕ್ವೆನ್ಸ್‌ಗೆ ಹಾಕಿದಾಗ ‘ಸ್ಕೇಲ್ ಟು ಫ್ರೇಮ್ ಸೈಜ್’ ಬಳಸಬೇಡಿ, ‘ಸೆಟ್ ಟು ಫ್ರೇಮ್ ಸೈಜ್’ ಬಳಸಿ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎರಡನೆಯದರಲ್ಲಿ ಸ್ಕೇಲ್ ಅಂಕಿ 50 ಎಂದು ನಿಜವಾಗಿ ಬದಲಾಗುತ್ತದೆ. ಅದು ಚೀಟಿಯಲ್ಲಿ ಬರೆಯಲು ಸಿಗುತ್ತದೆ. ಮೊದಲನೆಯದರಲ್ಲಿ ಅಂಕಿ 100 ಎಂದೇ ಇರುತ್ತದೆ. ಆಚೆ ಕಡೆಯವರಿಗೆ ನೀವು ಚಿಕ್ಕದು ಮಾಡಿದ್ದು ಗೊತ್ತೇ ಆಗುವುದಿಲ್ಲ.

ಕೊನೆಗೆ ಟೈಟಲ್‌ಗಳನ್ನು ಈ ಕಾಪಿಯಿಂದ ಅಳಿಸಿ. ಅವು ಮತ್ತೆ ಕೊನೆಯಲ್ಲಿ ಬರುತ್ತವೆ.

ಕಳಿಸಬೇಕಾದ ನಾಲ್ಕು ವಸ್ತು

ಒಂದು, ಎಕ್ಸ್‌ಎಂಎಲ್. ಫೈಲ್ ಮೆನು, ಎಕ್ಸ್‌ಪೋರ್ಟ್, ‘ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್’. ನಾವು ಫೈನಲ್ ಕಟ್‌ಗೆ ಹೋಗುತ್ತಿಲ್ಲವಲ್ಲ ಎಂದು ಗಾಬರಿಯಾಗಬೇಡಿ, ಹೆಸರು ಹಳೆಯದು ಅಷ್ಟೇ. ಇದು ಫೈನಲ್ ಕಟ್ 7ರ ಕಾಲದ ಎಕ್ಸ್‌ಎಂಎಲ್. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಎಕ್ಸ್, ಹಳೆಯ 7ರ ಪ್ರಾಜೆಕ್ಟ್‌ಗಳನ್ನು ತೆರೆಯುತ್ತಲೇ ಇರಲಿಲ್ಲ. ಆಮೇಲೆ ಅದು ತನ್ನದೇ ಹೊಸ ಬಗೆಯ ಚೀಟಿ ಮಾಡಿಕೊಂಡಿತು, ಅದನ್ನು ಎಫ್‌ಸಿಪಿಎಕ್ಸ್‌ಎಂಎಲ್ ಎನ್ನುತ್ತಾರೆ. ಪ್ರೀಮಿಯರ್‌ಗೆ ಹಳೆಯದು ಗೊತ್ತು, ಹೊಸದು ಗೊತ್ತಿಲ್ಲ. ರಿಸಾಲ್ವ್‌ಗೆ ಎರಡೂ ಗೊತ್ತು. ಹಾಗಾಗಿ ಫೈನಲ್ ಕಟ್‌ನಿಂದ ಪ್ರೀಮಿಯರ್‌ಗೆ ಹೋಗಬೇಕಾದವರು ಮಧ್ಯೆ ರಿಸಾಲ್ವ್‌ನಲ್ಲಿ ಇಳಿದು, ಅಲ್ಲಿಂದ ಹಳೆಯ ಬಗೆಯ ಎಕ್ಸ್‌ಎಂಎಲ್ ತೆಗೆದುಕೊಂಡು ಮುಂದೆ ಹೋಗಬಹುದು. ಬಸ್ ಬದಲಿಸಿದ ಹಾಗೆ.

ಎಕ್ಸ್‌ಪೋರ್ಟ್ ಆದಾಗ ಪಕ್ಕದಲ್ಲಿ ‘ಟ್ರಾನ್ಸ್‌ಲೇಶನ್ ರಿಸಲ್ಟ್ಸ್’ ಎಂಬ ಚಿಕ್ಕ ಫೈಲ್ ಹುಟ್ಟಬಹುದು. ಯಾರೂ ಅದನ್ನು ಓದುವುದಿಲ್ಲ. ನೀವು ಓದಿ. ಏನೇನು ದಾಟಲಿಲ್ಲ ಎಂದು ಅದರಲ್ಲೇ ಇರುತ್ತದೆ.

ಎರಡು, ಮೂಲ ಫುಟೇಜ್. ಎಲ್ಲವನ್ನೂ ಕಳಿಸುವಷ್ಟು ಜಾಗ ಇಲ್ಲದಿದ್ದರೆ ಪ್ರೀಮಿಯರ್‌ನ ‘ಪ್ರಾಜೆಕ್ಟ್ ಮ್ಯಾನೇಜರ್’ ಬಳಸಿದ ಫೈಲುಗಳನ್ನಷ್ಟೇ ಆರಿಸಿ ಒಂದೆಡೆ ಕಾಪಿ ಮಾಡಿಕೊಡುತ್ತದೆ. ಡಿಸ್ಕ್ ಅನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಆಗ ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಓದಲು, ಬರೆಯಲು ಬರುತ್ತದೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕ್ ಅನ್ನು ಮ್ಯಾಕ್ ಓದುತ್ತದೆ, ಆದರೆ ಅದರ ಮೇಲೆ ಸುಮ್ನೆ ಬರೆಯಲು ಬಿಡುವುದಿಲ್ಲ.

ಮೂರು, ರೆಫರೆನ್ಸ್ ವಿಡಿಯೊ. ತೊಳೆದ ಕಾಪಿಯನ್ನೇ ಸಾಧಾರಣ ಗುಣಮಟ್ಟದ ಒಂದು ಫೈಲಾಗಿ, ಅದೇ ಫ್ರೇಮ್ ರೇಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಮೂಲೆಯಲ್ಲಿ ಟೈಮ್‌ಕೋಡ್ ಕಾಣುವಂತಿರಲಿ. ನಾಲ್ಕೂ ವಸ್ತುಗಳಲ್ಲಿ ಜನ ಮರೆಯುವುದು ಇದನ್ನೇ. ಇದು ಇಲ್ಲದಿದ್ದರೆ ಆಚೆ ಕಡೆ ಬಂದದ್ದು ಸರಿಯೋ ತಪ್ಪೋ ಎಂದು ನೋಡಲು ದಾರಿಯೇ ಇರುವುದಿಲ್ಲ. ನನ್ನ ಗೆಳೆಯ ಎಮ್ಮೆಯನ್ನು ಹಿಡಿದದ್ದು ಕಥೆ ಗೊತ್ತಿದ್ದರಿಂದ. ಒಂದು ಮರದ ಬದಲು ಇನ್ನೊಂದು ಮರ ಬಂದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?

ನಾಲ್ಕು, ಒಂದು ಸಾದಾ ಟಿಪ್ಪಣಿ: ಫ್ರೇಮ್ ರೇಟ್, ಅಳತೆ, ಯಾವ ಕ್ಯಾಮೆರಾ, ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ವಿಧಾನ) ತೆಗೆದಿದ್ದರೆ ಯಾವ ಲಾಗ್.

ರಿಸಾಲ್ವ್ ಕಡೆ

ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ, ಏನನ್ನೂ ಒಳಗೆ ತರುವ ಮೊದಲು, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಲೈನ್ ಫ್ರೇಮ್ ರೇಟ್ ಸರಿಪಡಿಸಿ. ಫುಟೇಜ್ ಒಳಗೆ ಬಂದ ಮೇಲೆ ಅದಕ್ಕೆ ಬೀಗ ಬೀಳುತ್ತದೆ. ಹಾಗೆಯೇ ‘ಇಮೇಜ್ ಸ್ಕೇಲಿಂಗ್’ನಲ್ಲಿ ಅಳತೆ ಹೊಂದದ ಫೈಲುಗಳಿಗೆ ‘ಸೆಂಟರ್ ಕ್ರಾಪ್ ವಿತ್ ನೋ ರೀಸೈಜಿಂಗ್’ ಆರಿಸಿ. ಇಲ್ಲದಿದ್ದರೆ ಪ್ರೀಮಿಯರ್ ಹೇಳಿದ 50 ಮತ್ತು ರಿಸಾಲ್ವ್ ತಾನೇ ಮಾಡಿದ ಕುಗ್ಗಿಸುವಿಕೆ ಎರಡೂ ಸೇರಿ ಚಿತ್ರ ಅಂಚೆ ಚೀಟಿಯಷ್ಟಾಗುತ್ತದೆ.

ಆಮೇಲೆ ಫುಟೇಜನ್ನು ಕ್ಯಾಮೆರಾವಾರು ಫೋಲ್ಡರ್ ಮಾಡಿ ಮೀಡಿಯಾ ಪೂಲ್‌ಗೆ (ರಿಸಾಲ್ವ್ ಫುಟೇಜ್ ಇಟ್ಟುಕೊಳ್ಳುವ ಜಾಗ) ನೀವೇ ತನ್ನಿ. ಈಗ ಫೈಲ್ ಮೆನು, ಇಂಪೋರ್ಟ್, ಟೈಮ್‌ಲೈನ್. ಎಕ್ಸ್‌ಎಂಎಲ್ ಆರಿಸಿದಾಗ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ‘ಆಟೊಮ್ಯಾಟಿಕಲಿ ಇಂಪೋರ್ಟ್ ಸೋರ್ಸ್ ಕ್ಲಿಪ್ಸ್’ ಮುಂದಿನ ಟಿಕ್ ತೆಗೆಯಿರಿ. ಆಗ ಅದು ನೀವು ತಂದ ಫುಟೇಜ್‌ನಲ್ಲಿ ಮಾತ್ರ ಹುಡುಕುತ್ತದೆ, ಇಡೀ ಡಿಸ್ಕ್ ಜಾಲಾಡುವುದಿಲ್ಲ. ‘ಯೂಸ್ ಸೈಜಿಂಗ್ ಇನ್ಫರ್ಮೇಶನ್’ ಮುಂದೆ ಟಿಕ್ ಇರಲಿ.

ಕೆಂಪಗೆ ‘ಮೀಡಿಯಾ ಆಫ್‌ಲೈನ್’ ಎಂದು ಬಂದರೆ ಹೆದರಬೇಡಿ. ಮೀಡಿಯಾ ಪೂಲ್‌ನಲ್ಲಿ ಆ ಕ್ಲಿಪ್‌ಗಳನ್ನು ಆರಿಸಿ ‘ರೀಲಿಂಕ್’ ಕೊಟ್ಟು ಸರಿಯಾದ ಫೋಲ್ಡರ್ ತೋರಿಸಿ. ಕೆಂಪು ಕಂಡರೆ ಒಳ್ಳೆಯದೇ, ತಪ್ಪು ಎಲ್ಲಿದೆ ಎಂದು ತಾನೇ ಕೂಗಿ ಹೇಳುತ್ತದೆ. ಎಮ್ಮೆ ಹಾಗಲ್ಲ, ಸುಮ್ನೆ ನಿಂತಿರುತ್ತದೆ.

ಆ ಸದ್ದಿಲ್ಲದ ತಪ್ಪುಗಳನ್ನು ಹಿಡಿಯಲು ಒಂದು ಉಪಾಯ. ರೆಫರೆನ್ಸ್ ವಿಡಿಯೊವನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಇನ್‌ಸ್ಪೆಕ್ಟರ್‌ನಲ್ಲಿ ಕಾಂಪೊಸಿಟ್ ಮೋಡ್ ಅನ್ನು ‘ಡಿಫರೆನ್ಸ್’ ಮಾಡಿ. ಈಗ ಎರಡೂ ಚಿತ್ರ ಒಂದೇ ಆಗಿದ್ದ ಕಡೆ ಪರದೆ ಕಪ್ಪಾಗುತ್ತದೆ. ರೆಫರೆನ್ಸ್ ಕುಗ್ಗಿಸಿದ ಫೈಲ್ ಆದ್ದರಿಂದ ಒಂದಿಷ್ಟು ಮಬ್ಬು ಗೀರು ಕಾಣುತ್ತವೆ, ಪರವಾಗಿಲ್ಲ. ಎಲ್ಲಾದರೂ ಆಕಾರಗಳ ಅಂಚು ಎದ್ದು ಕಂಡರೆ ಶಾಟ್ ಜಾರಿದೆ ಅಥವಾ ಅಳತೆ ತಪ್ಪಿದೆ. ಪೂರ್ತಿ ಬೇರೆ ಚಿತ್ರ ಬೆರೆತಂತೆ ಕಂಡರೆ ಅದು ಎಮ್ಮೆಯೇ. ಮೊದಲಿಂದ ಕೊನೆಯವರೆಗೆ ಒಂದೊಂದೇ ಕಟ್ ದಾಟುತ್ತಾ ನೋಡಿ. 20 ನಿಮಿಷದ ಚಿತ್ರಕ್ಕೆ ಅರ್ಧ ಗಂಟೆ ಸಾಕು. ಇದನ್ನು ಬಿಟ್ಟು ಕಲರ್ ಶುರು ಮಾಡಿದರೆ ಆ ಅರ್ಧ ಗಂಟೆ ಎರಡು ದಿನವಾಗಿ ವಾಪಸ್ ಬರುತ್ತದೆ.

ಎಕ್ಸ್‌ಎಂಎಲ್ ಸಿಗದೇ ಹೋದರೆ

ಫೋನ್ ಆ್ಯಪ್‌ಗಳಲ್ಲಿ ಎಡಿಟ್ ಮಾಡಿದ್ದರೆ ಸಾಮಾನ್ಯವಾಗಿ ಯಾವ ಚೀಟಿಯೂ ಸಿಗುವುದಿಲ್ಲ. ಆಗ ಟೈಟಲ್, ಫಿಲ್ಟರ್ ಎಲ್ಲ ತೆಗೆದು, ಸಿಗುವ ಅತಿ ಹೆಚ್ಚಿನ ಬಿಟ್‌ರೇಟ್‌ನಲ್ಲಿ ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ರಿಸಾಲ್ವ್‌ನ ಮೀಡಿಯಾ ಪುಟದಲ್ಲಿ ಆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಸೀನ್ ಕಟ್ ಡಿಟೆಕ್ಷನ್’ ಕೊಟ್ಟರೆ ಕಟ್‌ಗಳನ್ನು ಅದೇ ಹುಡುಕಿ ತುಂಡು ಮಾಡುತ್ತದೆ. ಪ್ರೀಮಿಯರ್‌ನಲ್ಲೂ ಇಂಥದ್ದಿದೆ. ಡಿಸಾಲ್ವ್ ಇರುವ ಕಡೆ ಎರಡೂ ಎಡವುತ್ತವೆ, ಅಲ್ಲಿ ನೀವೇ ಕತ್ತರಿಸಬೇಕು.

ಸೌಂಡ್

ಸೌಂಡ್ ಕೆಲಸಕ್ಕೆ ಪ್ರೊ ಟೂಲ್ಸ್ ಎಂಬ ಸಾಫ್ಟ್‌ವೇರ್‌ಗೆ ಹೋಗುವುದಾದರೆ ಎಎಎಫ್ ಕೊಡಿ. ಆಡಿಯೊ ಒಳಗೇ ಸೇರಿರಲಿ, 48 ಕಿಲೋಹರ್ಟ್ಜ್ ಇರಲಿ, ಪ್ರತಿ ತುಂಡಿನ ಹಿಂದೆ ಮುಂದೆ ಐದು ಸೆಕೆಂಡ್ ಹ್ಯಾಂಡಲ್ (ಕಟ್‌ನಾಚೆಯ ಹೆಚ್ಚುವರಿ ಭಾಗ) ಇರಲಿ, ಅಂದರೆ 24ರಲ್ಲಿ 120 ಫ್ರೇಮ್. ಎಎಎಫ್‌ಗಿಂತ ಹಳೆಯ ಬಗೆಯಾದ ಓಎಂಎಫ್ ಕೇಳಿದರೆ ಅದರಲ್ಲಿ 2 ಜಿಬಿ ಮಿತಿ ಇದೆ ಎಂದು ನೆನಪಿಡಿ. ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ ಎರಡು ಸೆಕೆಂಡ್ ಮೊದಲು ಒಂದೇ ಫ್ರೇಮಿನಷ್ಟು ‘ಬೀಪ್’ ಹಾಕಿ, ರೆಫರೆನ್ಸ್ ವಿಡಿಯೊದಲ್ಲೂ ಅದೇ ಜಾಗಕ್ಕೆ ಹಾಕಿ. ಮಿಕ್ಸ್ ವಾಪಸ್ ಬಂದಾಗ ಬೀಪಿಗೆ ಬೀಪು ಹೊಂದಿಸಿದರೆ ಸಿಂಕ್ ಮುಗಿಯಿತು.

ಕನ್ನಡ ಟೈಟಲ್‌ಗಳ ಕಷ್ಟ

ಇದು ನಮ್ಮ ಭಾಷೆಯವರು ತಾವೇ ಕಲಿಯಬೇಕಾದ ಪಾಠ. ವಿಡಿಯೊ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ, ಅರ್ಕಾವತ್ತು ಎಲ್ಲಾ ಕಡೆ ಒಂದೇ ಥರ ಕೂರುವುದಿಲ್ಲ. ಒಂದು ಕಡೆ ಚೆನ್ನಾಗಿದ್ದ ‘ಕೃಷ್ಣಮೂರ್ತಿ’ ಇನ್ನೊಂದು ಕಡೆ ತುಂಡು ತುಂಡಾಗುತ್ತಾನೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್‌ಗೆ ಹೋಗಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಆರಿಸಿದ ಮೇಲೆ ಬರೆದ ಟೈಟಲ್‌ಗಳು ಸರಿ ಕಾಣುತ್ತವೆ. ಯಾವ ಸಾಫ್ಟ್‌ವೇರ್ ಆದರೂ ‘ರಾಷ್ಟ್ರ’, ‘ಸ್ತ್ರೀ’, ‘ಅರ್ಕಾವತಿ’ ಈ ಮೂರನ್ನು ಬರೆದು ನೋಡಿ. ಮೂರೂ ಪಾಸಾದರೆ ನಂಬಬಹುದು.

ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಬರೆದಿದ್ದರೆ ಕಷ್ಟ ಇನ್ನೂ ದೊಡ್ಡದು. ಅವುಗಳ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ನಿರ್ದೇಶಕರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲವೇ ಚಿತ್ರವಾಗಿ ಮಾಡಿಬಿಡಿ.

ನಾನಂತೂ ಈಗ ಟೈಟಲ್‌ಗಳನ್ನು ಎಲ್ಲಿಗೂ ಅಕ್ಷರವಾಗಿ ಕಳಿಸುವುದೇ ಇಲ್ಲ. ಉಚಿತ ಇಂಕ್‌ಸ್ಕೇಪ್‌ನಲ್ಲಿ ಬರೆದು, ಚಿತ್ರದ್ದೇ ಅಳತೆಯಲ್ಲಿ ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡುತ್ತೇನೆ. ಚಲಿಸುವ ಟೈಟಲ್ ಆದರೆ ಆಲ್ಫಾ (ಪಾರದರ್ಶಕ ಹಿನ್ನೆಲೆ) ಸಹಿತ ಪ್ರೊರೆಸ್ 4444. ಯಾವ ಸಾಫ್ಟ್‌ವೇರ್‌ಗೆ ಹೋದರೂ ಒತ್ತು ಕದಲುವುದಿಲ್ಲ. ಹೆಸರಿನಲ್ಲಿ ಕಾಗುಣಿತ ತಪ್ಪಿದ್ದರೆ ಮತ್ತೆ ಮಾಡಬೇಕು ಎಂಬುದೊಂದೇ ತೊಂದರೆ. ತಪ್ಪು ಇದ್ದೇ ಇರುತ್ತದೆ, ಹಾಗಾಗಿ ಇಂಕ್‌ಸ್ಕೇಪ್ ಫೈಲನ್ನೂ ಇಟ್ಟುಕೊಳ್ಳಿ.

ವಾಪಸ್ ಬರುವುದು, ಹೊರಗೆ ಹೋಗುವುದು

ಕಲರ್ ಮುಗಿದ ಮೇಲೆ ಎರಡು ದಾರಿ. ಡೆಲಿವರ್ ಪುಟದಲ್ಲಿ ‘ಪ್ರೀಮಿಯರ್ ಎಕ್ಸ್‌ಎಂಎಲ್’ ಆರಿಸಿದರೆ ಪ್ರತಿ ಶಾಟ್ ಬೇರೆ ಬೇರೆ ಫೈಲಾಗಿ, ಜೊತೆಗೊಂದು ಹೊಸ ಎಕ್ಸ್‌ಎಂಎಲ್ ಬರುತ್ತದೆ. 12 ಅಥವಾ 24 ಫ್ರೇಮ್ ಹ್ಯಾಂಡಲ್ ಕೊಟ್ಟರೆ ಆಮೇಲೂ ಕಟ್ ಸ್ವಲ್ಪ ಜರುಗಿಸಬಹುದು. ನಿರ್ದೇಶಕರು “ಪಿಕ್ಚರ್ ಲಾಕ್” (ಇನ್ನು ಕಟ್ ಬದಲಿಸುವುದಿಲ್ಲ) ಎಂದು ಮೂರನೇ ಸಲ ಹೇಳುತ್ತಿದ್ದರೆ ಈ ದಾರಿ ಹಿಡಿಯಿರಿ.

ನಿಜವಾಗಿಯೂ ಲಾಕ್ ಆಗಿದ್ದರೆ ಇಡೀ ಚಿತ್ರವನ್ನು ಒಂದೇ ಫೈಲಾಗಿ ತೆಗೆದು ಪ್ರೀಮಿಯರ್‌ನಲ್ಲಿ ಹಳೆಯ ಟೈಮ್‌ಲೈನ್ ಮೇಲೆ ಹಾಸಿ, ಅದರ ಮೇಲೆ ಟೈಟಲ್, ಕೆಳಗೆ ಮಿಕ್ಸ್ ಆದ ಸೌಂಡ್ ಹಾಕಿ. ಕಿರುಚಿತ್ರ, ಮದುವೆ ವಿಡಿಯೊ, ಯೂಟ್ಯೂಬ್ ಎಲ್ಲಕ್ಕೂ ನನ್ನ ಓಟು ಇದಕ್ಕೇ.

ಈ ಮಧ್ಯದ ಫೈಲ್ ಎಚ್.264 ಆಗಬಾರದು. ಅದು ನೋಡುಗರಿಗೆ ಕೊಡುವ ರೂಪ. ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೆ ಜೆರಾಕ್ಸ್‌ನ ಜೆರಾಕ್ಸ್ ಆಗುತ್ತದೆ. ಪ್ರೊರೆಸ್ 422 ಎಚ್‌ಕ್ಯು ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್ ಬಳಸಿ. ಜಾಗ ನೋಡಿಕೊಳ್ಳಿ. 1080ರಲ್ಲಿ ಸೆಕೆಂಡಿಗೆ 25 ಫ್ರೇಮಿನ ಪ್ರೊರೆಸ್ ಎಚ್‌ಕ್ಯು ಗಂಟೆಗೆ ಸುಮಾರು 83 ಜಿಬಿ, ಅಂದರೆ 20 ನಿಮಿಷಕ್ಕೆ 28ರ ಹತ್ತಿರ. 4ಕೆ ಆದರೆ ಅದೇ 20 ನಿಮಿಷ 110 ಜಿಬಿ ತಿನ್ನುತ್ತದೆ.

ಕೊನೆಯ ಎಕ್ಸ್‌ಪೋರ್ಟ್ ಎಲ್ಲಿಗೆ ಎಂಬುದರ ಮೇಲಿದೆ. ಯೂಟ್ಯೂಬ್‌ಗೆ ಎಂಪಿ4, ಎಚ್.264. 1080ರಲ್ಲಿ 24ರಿಂದ 30 ಫ್ರೇಮಿಗೆ ಬಿಟ್‌ರೇಟ್ 8 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 4ಕೆಗೆ 35ರಿಂದ 45 ಎಂದು ಯೂಟ್ಯೂಬ್‌ನವರೇ ಹೇಳುತ್ತಾರೆ. ಅದು ಅಲ್ಲಿ ಮತ್ತೆ ಕುಗ್ಗುವುದರಿಂದ ನಾನು ದುಪ್ಪಟ್ಟು ಕೊಡುತ್ತೇನೆ. ಅಪ್‌ಲೋಡ್ ತಡವಾಗುತ್ತದೆ ಅಷ್ಟೇ. ವಾಟ್ಸ್‌ಆ್ಯಪ್‌ನಲ್ಲಿ ನಿರ್ಮಾಪಕರಿಗೆ ತೋರಿಸಬೇಕಾದರೆ ವಿಡಿಯೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ನಿಮ್ಮ ಕಲರ್ ಕೆಲಸವೆಲ್ಲ ಗಂಜಿಯಾಗುತ್ತದೆ. ಥಿಯೇಟರ್‌ಗೆ ಡಿಸಿಪಿ, ಅಂದರೆ ಥಿಯೇಟರ್ ಪ್ರೊಜೆಕ್ಟರ್‌ಗೆಂದೇ ಕಟ್ಟಿದ ಫೈಲುಗಳ ಕಂತೆ, ಬೇಕು. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ಪ್ರೊರೆಸ್ ಮಾಸ್ಟರ್ ಕೊಟ್ಟರೆ ಮಾಡಿಕೊಡುತ್ತದೆ. 2ಕೆ ಫ್ಲ್ಯಾಟ್ ಆದರೆ ಅಳತೆ 1998×1080, ಇನ್ನೂ ಅಗಲವಾದ ಸ್ಕೋಪ್ ಆದರೆ 2048×858. 1920×1080 ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ, ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಫ್ಲ್ಯಾಟ್‌ನಲ್ಲಿ ಸಣ್ಣದು, ಸ್ಕೋಪ್‌ನಲ್ಲಿ ದೊಡ್ಡದು.

ಮ್ಯಾಕ್‌ನಲ್ಲಿ ಕ್ವಿಕ್‌ಟೈಮ್‌ನಲ್ಲಿ ತೆರೆದಾಗ ಬಣ್ಣ ಸ್ವಲ್ಪ ಬೆಳ್ಳಗೆ, ಸೋತಂತೆ ಕಂಡರೆ ಅವಸರದಲ್ಲಿ ಕಾಂಟ್ರಾಸ್ಟ್ ಏರಿಸಬೇಡಿ. ಫೈಲಿನ ಗಾಮಾ ಗುರುತನ್ನು ಆ ಪ್ಲೇಯರ್ ಓದುವ ರೀತಿ ಅದು. ಅದೇ ಫೈಲನ್ನು ಬೇರೆ ಪ್ಲೇಯರ್‌ನಲ್ಲಿ, ಟೀವಿಯಲ್ಲಿ, ಒಂದು ಫೋನಿನಲ್ಲಿ ನೋಡಿ ಆಮೇಲೆ ತೀರ್ಮಾನಿಸಿ.

ಎಲ್ಲ ಮುಗಿದ ಮೇಲೆ ಮಾಸ್ಟರ್ ಫೈಲ್, ಟೈಟಲ್ ಇಲ್ಲದ ಮಾಸ್ಟರ್, ಸೌಂಡ್ ಮಿಕ್ಸ್, ಎಕ್ಸ್‌ಎಂಎಲ್, ಎರಡೂ ಸಾಫ್ಟ್‌ವೇರ್‌ಗಳ ಪ್ರಾಜೆಕ್ಟ್ ಫೈಲುಗಳನ್ನು ಒಂದೇ ಫೋಲ್ಡರ್‌ಗೆ ಹಾಕಿ ಎರಡು ಡಿಸ್ಕ್‌ಗಳಲ್ಲಿ ಇಡಿ. ರಿಸಾಲ್ವ್‌ನಲ್ಲಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಟ್ಟರೆ ಬರುವ ಫೈಲಿನಲ್ಲಿ ಫುಟೇಜ್ ಇರುವುದಿಲ್ಲ. ಫುಟೇಜ್ ಸಮೇತ ಬೇಕಿದ್ದರೆ ‘ಪ್ರಾಜೆಕ್ಟ್ ಆರ್ಕೈವ್’ ಕೊಡಬೇಕು.